ಟಾಕಿ ನೀರು

"ಯಪ್ಪಾ! ಟಾಕಿ ಉಚ್ಚಿ ಹೊಯ್ಲಾಕತ್ತದ!" ಬಬ್ಲು ಚಪ್ಪಾಳೆ ಹೊಡೆದು ನಕ್ಕ.

ಶಾಲೆಗೆ ಹೊರಟಿದ್ದ ಸರೋಜಾ ತಿರುಗಿ ನೋಡಿದಳು. ಸುರಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅವಳ ಅಪ್ಪ ಯಂಕಣ್ಣನ ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಯ ಮೂಲೆಯಲ್ಲಿ ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ಇತ್ತು. ಅದರ ಕಬ್ಬಿಣದ ಟಾಕಿಯ ತಳದಿಂದ ಸುಯ್ಯೆಂದು ಕಂದು ನೀರು ಚಿಮ್ಮುತ್ತಿತ್ತು. ನಾಲ್ಕು ವರ್ಷದ ಅವಳ ತಮ್ಮ ಬಬ್ಲು ಅದಕ್ಕೆ ಬೆರಳು ಅಡ್ಡ ಹಿಡಿಯಲು ಹೋಗುತ್ತಿದ್ದ.

"ಸರೂ! ಅವನ್ನ ಎಳಕೋ!" ಅಪ್ಪ ಕಿರುಚಿದ.

ಅಪ್ಪ ಹಾಗೆ ಕಿರುಚಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಬಬ್ಲುವಿನ ರಟ್ಟೆ ಹಿಡಿದು ದರದರನೆ ರಸ್ತೆಯವರೆಗೂ ಎಳೆದೊಯ್ದಳು. ಅಪ್ಪ ಕುಂಟುತ್ತಾ ಹೋಗಿ ಸ್ವಿಚ್ ಆಫ್ ಮಾಡಿದ.

ಪಕ್ಕದ ಗ್ಯಾರೇಜಿನ ಆಸೀಫ್ ಚಾಚಾ ಓಡಿ ಬಂದ. ಮೊದಲು ಗಾಳಿಯೆಲ್ಲ ಹೊರಬಿಟ್ಟ. ಆಮೇಲೆ ನೆಲಕ್ಕೆ ಮಲಗಿ, ಟಾಕಿಯ ಕೆಳಗಿದ್ದ ಸಣ್ಣ ನಳ ತಿರುಗಿಸಿದ. ತುಕ್ಕುನೀರು ಗಳಗಳ ಸುರಿಯಿತು. ಬಕೆಟ್ ಅರ್ಧ ತುಂಬಿದರೂ ನಿಲ್ಲಲಿಲ್ಲ.

ಅಯ್ಯೋ, ಅಲ್ಲೊಂದು ನಳ ಇದೆಯೆಂದು ಸರೋಜಾಳಿಗೆ ಗೊತ್ತೇ ಇರಲಿಲ್ಲ!

"ಯಾ ಅಲ್ಲಾ! ಯಂಕಣ್ಣಾ, ಈ ನೀರ ಬಿಟ್ಟು ಎಷ್ಟ್ ದಿನಾತೋ?"

"ದಿನಾ ಬಿಡ್ತೇವಲ್ಲೋ. ನನಗ ಮೊಣಕಾಲ ನೋವು, ಬಗ್ಗಾಕ ಆಗಂಗಿಲ್ಲ. ಮಳಿಗಾಲ ಸುರು ಆದಾಗಿಂದ ನಮ್ಮ ಸರೂನೇ ಬಿಡ್ತಾಳ. ಟಾಕಿ ನೀರ ಬಿಟ್ಟಿಯೇನವಾ ಅಂತ ದಿನಾ ಕೇಳ್ತೀನಿ. ಬಿಟ್ಟೀನಪ್ಪಾ ಅಂತಾಳ. ಹೌದಿಲ್ಲ, ಸರೂ?"

"ಹೌದಪ್ಪಾ! ದೇವರಾಣಿ, ಒಂದ್ ದಿನಾನೂ ತಪ್ಪಿಸಿಲ್ಲ!"

"ಎಲ್ಲಿ ಬಿಡ್ತಿ, ತೋರ್ಸು ಬೇಟಾ," ಎಂದ ಚಾಚಾ.

ಸರೋಜಾ ಬೆರಳು ಮಾಡಿದಳು. ಅದು ಟ್ಯೂಬ್ ಮುಳುಗಿಸಿ ತೂತು ಹುಡುಕುವ ಸಿಮೆಂಟಿನ ತೊಟ್ಟಿ. ಮನೆಯಲ್ಲಿ ಅದಕ್ಕೂ ಟಾಕಿ ಎಂದೇ ಹೆಸರು. ಕಾಲುವೆಯಿಂದ ಹೊಲಕ್ಕೆ ನೀರು ಬಿಟ್ಟಾರ ಎಂದು ಊರೆಲ್ಲ ಹೇಳುವುದಿಲ್ಲವೇ? ಬಿಡುವುದೆಂದರೆ ತುಂಬಿಸುವುದೇ ಎಂದು ಅವಳು ತಿಳಿದಿದ್ದಳು. ದಿನವೂ ಎರಡು ಕೊಡ ನೀರು ಆ ತೊಟ್ಟಿಗೆ ಸುರಿಯುತ್ತಿದ್ದಳು.

ಯಾರೂ ನಗಲಿಲ್ಲ. ಚಾಚಾ ಸೋರುವ ಜಾಗಕ್ಕೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದ. ಹಪ್ಪಳ ಮುರಿದ ಹಾಗೆ ಕಬ್ಬಿಣ ಮುರಿದು, ಸ್ಕ್ರೂಡ್ರೈವರ್ ಒಳಗೇ ಹೋಯಿತು.

"ಗಾಳ್ಯಾಗ ತೇವ ಇರ್ತದ ಬೇಟಾ. ಟಾಕ್ಯಾಗ ಒತ್ತಿ ತುಂಬಿದ್ರ ಅದು ನೀರಾಗಿ ತಳಕ್ಕ ಕೂಡ್ತದ, ಕಬ್ಬಿಣ ತಿಂತದ. ಹಳೀ ಟಾಕಿ ಬ್ಯಾರೆ. ಇದಕ್ಕ ವೆಲ್ಡಿಂಗ್ ನಡಿಯಂಗಿಲ್ಲ, ಗುಜರಿಗೇ ಹಾಕಬೇಕು. ಪುಣ್ಯಾ, ಸಣ್ಣ ತೂತು ಬಿತ್ತು. ಬಾಂಬಿನಂಗ ಟಾಕಿನೇ ಸಿಡದಿದ್ರ..."

ಚಾಚಾ ಬಬ್ಲುವಿನ ಕಡೆ ನೋಡಿದ.

ಬಬ್ಲು ದಿನಾ ಅದೇ ಟಾಕಿಗೆ ಬೆನ್ನು ಕೊಟ್ಟು ಕೂತು ಡ್ರುಂ ಡ್ರುಂ ಎಂದು ಬಸ್ ಓಡಿಸುತ್ತಿದ್ದ. ಸರೋಜಾ ಆ ಜಾಗವನ್ನೇ ನೋಡಿದಳು. ಅಳು ಕೂಡ ಬರಲಿಲ್ಲ.

ಅಪ್ಪ ಬೈಯುತ್ತಾನೆ ಎಂದುಕೊಂಡಳು. ಅಪ್ಪ ತನ್ನ ಹಣೆಯನ್ನೇ ಬಡಿದುಕೊಂಡ. "ಬರೇ ಬಾಯಿಲೆ ಹೇಳಿದೆ ನಾ. ಒಂದಿನಾನೂ ಕರಕೊಂಡು ತೋರಿಸ್ಲಿಲ್ಲ."

ಅದಕ್ಕಿಂತ ನಾಲ್ಕು ಏಟು ಹಾಕಿದ್ದರೇ ಚೆನ್ನಾಗಿತ್ತು ಎನಿಸಿತು ಸರೋಜಾಳಿಗೆ.

ಎರಡು ದಿನ ಬಿಟ್ಟು ಚಾಚಾ ಶಹಾಪುರದಿಂದ ಬೇರೆ ಟಾಕಿ ತಂದು ಕೂಡಿಸಿದ. ಮರುದಿನ ಮುಂಜಾನೆ ಅಪ್ಪ ಹಲ್ಲು ಕಚ್ಚಿಕೊಂಡು, ಗೋಡೆ ಹಿಡಿದು, ನೋಯುವ ಮೊಣಕಾಲು ಮಡಚಿ ಕೂತ.

"ಬಾ ಸರೂ. ಇಲ್ಲಿ ಕೈ ಇಡು. ಸಾವಕಾಶ ತಿರುವು."

ಅವಳು ತಿರುವಿದಳು. ಪುಸ್ಸ್ ಎಂದು ಗಾಳಿಯ ಜೊತೆ ನೀರು ಬಂದು ಅಂಗೈ ತೋಯ್ದುಹೋಯಿತು.

"ಯಪ್ಪಾ! ಇದನ್ನ ನಿನ್ನಿ ಕೂಡಿಸ್ಯಾರಲ್ಲ?"

"ಹೂಂ. ಇದು ಒಂದ ದಿನದ್ದು."

ಸರೋಜಾ ಒದ್ದೆ ಅಂಗೈಯನ್ನೇ ನೋಡಿದಳು. ಜೂನ್, ಜುಲೈ, ಆಗಸ್ಟ್ ಎಂದು ಮನಸ್ಸಿನಲ್ಲೇ ಎಣಿಸತೊಡಗಿದಳು. ಎಣಿಕೆ ಮುಗಿಯುವ ಮೊದಲೇ ಎದ್ದು ಹೋಗಿ, ಬಾಗಿಲಲ್ಲಿ ನಿಂತಿದ್ದ ಬಬ್ಲುವನ್ನು ತಬ್ಬಿಕೊಂಡಳು.

"ಅಕ್ಕಾ, ಯಾಕ ಅಳ್ತಿ?" ಎಂದ ಬಬ್ಲು.