ಏನೂ ಹಾಕದ ಪ್ಲಾಟು

ಮೊದಲ ಮಾತೇ ಜಗಳದಿಂದ ಶುರುವಾಯಿತು. ಅದೂ ಕುರಿ ಹಿಕ್ಕಿಯ ಸಲುವಾಗಿ.

ಬೆಳಿಗ್ಗೆ ನೇತ್ರಾ ಸ್ಕೂಟಿಯನ್ನು ಬದುವಿನ ಹತ್ತಿರ ನಿಲ್ಲಿಸಿ ಹೊಲಕ್ಕೆ ಕಾಲಿಟ್ಟವಳೇ ಕಂಬದಂತೆ ನಿಂತುಬಿಟ್ಟಳು. ವಾರವಿಡೀ ಹಗ್ಗ ಹಿಡಿದು ಅಳೆದು, ಗೂಟ ಬಡಿದು, ಗೂಟಕ್ಕೊಂದು ಲೇಬಲ್ ಕಟ್ಟಿದ ಹೊಲ ಅದು. ಮಳೆ ಕೈಕೊಟ್ಟ ವರ್ಷವೂ ಹಿಂಗಾರಿ ಜೋಳ ಮನೆ ಸೇರಬೇಕಾದರೆ ನೆಲಕ್ಕೆ ಏನು ಮಾಡಬೇಕು ಎಂಬುದು ಅವಳ ಸಂಶೋಧನೆ. ಗೋಕಾಕದ ಆಫೀಸಿನವರು ಅವಳಿಗೆ ವಹಿಸಿದ್ದ ಹಳ್ಳಿಗಳಲ್ಲಿ ಅವಳ ಸ್ವಂತ ಊರು ಮಮದಾಪುರವೂ ಒಂದು. ಅಲ್ಲಿ ಹೊಲ ಕೊಟ್ಟವನು ಅವಳ ಅಪ್ಪ ಕೆಂಚಪ್ಪ. ಒಂದು ಪ್ಲಾಟಿಗೆ ತಿಪ್ಪೆಗೊಬ್ಬರ, ಒಂದಕ್ಕೆ ಕೆರೆಯ ಹೂಳು, ಒಂದಕ್ಕೆ ಮಳೆನೀರನ್ನು ಅಲ್ಲೇ ಹಿಡಿದಿಡುವ ಚೌಕಮಡಿ. ಇನ್ನೊಂದಕ್ಕೆ ಏನೂ ಇಲ್ಲ.

ಆ ಏನೂ ಇಲ್ಲದ ಪ್ಲಾಟಿನಲ್ಲಿ ಈಗ ಒಂದು ಕುರಿಹಿಂಡು ಆರಾಮಾಗಿ ಮೆಲುಕು ಹಾಕುತ್ತ ಮಲಗಿತ್ತು. ನೆಲವೆಲ್ಲ ಹಿಕ್ಕಿ.

"ಯಾರ್ರೀ ಇಲ್ಲಿ ಕುರಿ ನಿಲ್ಲಿಸಿದಾವ್ರು?"

ಕಂಬಳಿ ಹೊದ್ದು ಕೂತಿದ್ದವನು ಚಹಾದ ಲೋಟ ಹಿಡಿದುಕೊಂಡೇ ಎದ್ದ. ಎತ್ತರದ ಆಳು, ನಿದ್ದೆಗಣ್ಣು, ಕತ್ತರಿ ಕಾಣದ ಮೀಸೆ.

"ನಾನ್ರಿ. ಮಾಲಿಂಗ ಅಂತ, ದಡ್ಡಿ ಕಡೆಯಾವ. ನಮ್ಮ ಕಡೆ ಮಳಿ ಜೋರ್ ಐತ್ರಿ, ಕುರಿ ಕಾಲು ಕೊಳಿತಾವು. ಅದಕ್ಕ ಈ ಕಡೆ ಬಂದೇವಿ. ಕೆಂಚಪ್ಪ ಕಾಕಾ ಗೊಬ್ಬರಕ್ಕಂತ ರಾತ್ರಿ ಹೊಲದಾಗ ಕುರಿ ತರುಬು ಅಂದ್ರು."

"ನಮ್ಮಪ್ಪ ಹೇಳಿದ್ದು ಬದುವಿನ ಆ ಕಡೆ, ಬೀಳು ಜಾಗಾದಾಗ!"

"ಮೊದಲ ಅಲ್ಲೇ ನಿಲ್ಲಿಸಬೇಕಂತಿದ್ನಿರಿ. ಆಮ್ಯಾಲ ಇದನ್ನ ನೋಡಿದೆ. ಎಲ್ಲಾ ತುಣುಕಿಗೂ ಏನರ ಒಂದು ಮಾಡ್ಯಾರ, ಇದಕ್ಕೊಂದಕ್ಕ ಏನೂ ಇಲ್ಲ. ಪಾಪ ಅನ್ನಿಸ್ತು." ಅವನು ಮುಖ ಅರಳಿಸಿದ. "ಕಾಕಾಗ ಹೇಳಬ್ಯಾಡ್ರಿ. ಇದು ನನ್ನ ಕಡಿಂದ ಪುಕ್ಕಟೆ."

ನೇತ್ರಾಗೆ ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. "ಅಯ್ಯ ನಿನ್ನ! ಅದಕ್ಕ ಏನೂ ಹಾಕಬಾರದು ಅಂತನ ಹಾಕಿಲ್ಲ. ಅದು ಹಂಗ ಇದ್ರನ ಉಳಿದಾವು ಎಷ್ಟು ಚಲೋ ಬಂದಾವು ಅಂತ ತಿಳಿಯೋದು!"

ಮಾಲಿಂಗ ಚಹಾದ ಒಂದು ಗುಟುಕು ಕುಡಿದ. "ಅಂದ್ರ ಒಬ್ಬಾಂವನ್ನ ಉಪಾಸ ಕೆಡವಿ, ಉಳಿದಾವ್ರು ಊಟಕ್ಕ ಎಷ್ಟು ದಪ್ಪಾದ್ರು ಅಂತ ನೋಡ್ತೀರಿ?"

"ಹೂಂ. ಹಂಗ ತಿಳ್ಕೊ."

"ಭಾಳ ಕೆಟ್ಟ ಸಂಶೋಧನಾ ಐತಿ ಬಿಡ್ರಿ ನಿಮ್ದು."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಹಿಂದಿನಿಂದ ಬಿಳಿ ಹಣೆಯ ಕುರಿಯೊಂದು ಬಂದು, ಗೂಟಕ್ಕೆ ಕಟ್ಟಿದ್ದ ಕೊನೆಯ ಲೇಬಲ್ಲನ್ನೂ ಕಿತ್ತು ಕಚಕಚ ಜಗಿಯತೊಡಗಿತು.

"ಗಂಗೀ! ಉಗುಳ ಅದನ್ನ!" ಮಾಲಿಂಗ ಅದರ ಬಾಯಿಗೆ ಕೈ ಹಾಕಿದ. ಗಂಗಿ ನುಂಗಿಬಿಟ್ಟಿತು. "ಇದಕ್ಕ ಕಾಗದದ ರುಚಿ ಐತ್ರಿ. ನನ್ನ ಬಿ.ಎ. ಮಾರ್ಕ್ಸ್ ಕಾರ್ಡೂ ಇದ ತಿಂದೈತಿ."

ನೇತ್ರಾ ನಗಬಾರದೆಂದು ಆ ಕಡೆ ತಿರುಗಿದಳು. ತಿರುಗಿದ್ದನ್ನು ಅವನು ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು.

*

ಪುಣ್ಯಕ್ಕೆ ಬಿತ್ತನೆ ಇನ್ನೂ ಆಗಿರಲಿಲ್ಲ. ಕುರಿ ನಿಲ್ಲದೆ ಉಳಿದಿದ್ದ ಬೀಳು ಜಾಗದಲ್ಲಿ ಹೊಸದಾಗಿ ಗೂಟ ಬಡಿಯುವುದೆಂದಾಯಿತು. ಪ್ರಾಯಶ್ಚಿತ್ತವೆಂದು ಮಾಲಿಂಗನೇ ಗೊಬ್ಬರದ ಬುಟ್ಟಿ ಹೊತ್ತ. ನೇತ್ರಾ ಈ ಸಲ ಇನ್ನೊಂದು ಪ್ಲಾಟು ಹೆಚ್ಚಿಸಿದಳು: ಕುರಿ ತರುಬಿದ ಪ್ಲಾಟು. ಇಷ್ಟು ವರ್ಷ ಎಲ್ಲರೂ ಹಿಕ್ಕಿಗೊಬ್ಬರ ಚಲೋ, ಚಲೋ ಎನ್ನುತ್ತ ಬಂದಿದ್ದರು. ಮಳೆ ಇಲ್ಲದಾಗ ಎಷ್ಟು ಚಲೋ ಎಂದು ಅವಳಿಗೂ ನೋಡಬೇಕಿತ್ತು.

ಯಾವ ಪ್ಲಾಟು ಎಲ್ಲಿ ಎಂಬುದಕ್ಕೆ ಅವಳು ಚೀಟಿ ಬರೆದು ಮಡಚಿ, ಅವನ ತಲೆಯ ಪಟಗ ಬಿಚ್ಚಿಸಿ ಅದರಲ್ಲಿ ಹಾಕಿ ಕುಲುಕಿದಳು.

"ಚೀಟಿ ಯಾಕ್ರಿ? ಸಾಲಿ ಕಲ್ತಾಕಿ ನೀವು, ನೀವ ಹೇಳ್ರಿ ಯಾವದು ಎಲ್ಲಿ ಅಂತ."

"ನಾ ಹೇಳಿದ್ರ ನನಗ ಸೇರಿದ್ದಕ್ಕ ಚಲೋ ಮಣ್ಣು ಕೊಟ್ಟಬಿಡ್ತೇನಿ, ನನಗ ಗೊತ್ತಿಲ್ಲದಂಗ. ನನ್ನ ಮನಸ್ಸು ನಡುವ ಬರಬಾರದು. ಎತ್ತು."

ಅವನು ಎತ್ತಿದ. ಕುರಿಯ ಪ್ಲಾಟಿಗೆ ಬಿದ್ದದ್ದು ಮೂಲೆಯ ಗರಸು ನೆಲ, ಅರ್ಧ ಕಲ್ಲೇ.

"ಇದು ಮೋಸ! ಇನ್ನೊಮ್ಮೆ ಎತ್ತೂಣು."

"ಬಂದಿದ್ದು ಬಂತು, ಮಾಲಿಂಗಾ."

ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಅವನು ವಾದ ಮರೆತ. ಮರೆತದ್ದು ಮುಖದ ಮೇಲೆ ಕಾಣುತ್ತಿತ್ತು. ಪಟಗ ತಿರುಗಿ ಸುತ್ತಿಕೊಳ್ಳುವಾಗ ಒಂದು ಸುತ್ತು ಕಿವಿಯ ಮೇಲೇ ಜೋತುಬಿದ್ದಿತ್ತು.

*

ಬಿತ್ತನೆಯ ಮೇಲೆ ಒಂದು ಮಳೆ ಬಂತು. ಆಮೇಲೆ ಆಕಾಶ ಬಾಗಿಲು ಹಾಕಿಕೊಂಡಿತು. ಹಿಂಡು ಮೂಡಲಗಿ ಕಡೆ ಸರಿಯಿತು, ಫೋನು ಶುರುವಾಯಿತು.

"ನಮ್ಮ ಪ್ಲಾಟ್ ಹೆಂಗೈತ್ರಿ ಮೇಡಂ?"

"ನಿನ್ನೇನ ಕೇಳಿದ್ಯಲ್ಲ. ಒಂದ ರಾತ್ರ್ಯಾಗ ಏನಾಗ್ತೈತಿ?"

"ಕಾಳಜಿ ಇರ್ತೈತಿ. ಊಟಾ ಗೀಟಾ ಆತೇನ್ರಿ?"

"ಪ್ಲಾಟಿಗೋ ನನಗೋ?"

ಆ ಕಡೆ ಕುರಿಗಳ ಸದ್ದು. ಅದರ ನಡುವೆ ಅವನ ದನಿ, "ಇಬ್ಬರಿಗೂ."

ಅವಳು ಜೋಳದ ಫೋಟೋ ಕಳಿಸುತ್ತಿದ್ದಳು. ಅವನು ಗಂಗಿಯ ಫೋಟೋ ಕಳಿಸುತ್ತಿದ್ದ. ಎಲ್ಲ ಫೋಟೋದಲ್ಲೂ ಗಂಗಿಯ ಅರ್ಧ ಮುಖ, ಹಿಂದೆ ಅವನ ಪೂರ್ತಿ ಮುಖ.

ತೆನೆ ಹಾಲುಗಟ್ಟಿದಾಗ ಅವನು ಬಂದ. ಹಸಿ ತೆನೆ ಮುರಿದು ಸೀತನಿ ಸುಡೋಣ ಎಂದ. ಕೈ ತೆನೆಯತ್ತ ಹೋಗುವಷ್ಟರಲ್ಲಿ ಅವಳು ಮುಂಗೈ ಹಿಡಿದಳು.

"ಒಳಗಿನ ಸಾಲಿಗೆ ಕೈ ಹಚ್ಚಬ್ಯಾಡ. ಅಂಚಿಂದ ಮುರಿ. ಅಂಚಿನ ಸಾಲು ನಾವು ತೂಕಕ್ಕ ಹಿಡಿಯಂಗಿಲ್ಲ."

"ನನ್ನಂಗ." ಅವನು ನಗುತ್ತಲೇ ಅಂದ, ಆದರೆ ಕಣ್ಣು ನಗಲಿಲ್ಲ. "ನಿಮ್ಮ ಮನ್ಯಾಗ ನನ್ನನ್ನ ಯಾವ ತೂಕಕ್ಕ ಹಿಡೀತಾರ?"

ಮುಂಗೈ ಇನ್ನೂ ಅವಳ ಕೈಯಲ್ಲೇ ಇತ್ತು. ಬಿಡಬೇಕೆಂದು ಅವಳಿಗೆ ನೆನಪಾಯಿತು. ಬಿಡಲಿಲ್ಲ.

"ಬಿಸಲು, ಗಾಳಿ, ಹಕ್ಕಿ, ಎಲ್ಲಾದಕ್ಕೂ ಮೊದಲ ಎದಿ ಕೊಡೋದು ಆ ಸಾಲ, ಮಾಲಿಂಗಾ. ಅದಿಲ್ಲದ ನನ್ನ ಹೊಲಾನ ಇಲ್ಲ."

ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟರು. ಅವಳು ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಅವನ ಕೈಗೆ ಸುರಿದಳು. ಊದಿದ ಹೊಟ್ಟು ಅವನ ಮೀಸೆಗೆ ಅಂಟಿತ್ತು. ಅವಳು ಹೇಳಲಿಲ್ಲ. ಸುಮ್ಮನೆ ನೋಡುತ್ತ ಕೂತಳು.

"ಯಾಕ ಹಂಗ ನೋಡ್ತೀ?" ಅವನ ಬಾಯಿಂದ ಮೊದಲ ಸಲ ಏಕವಚನ ಜಾರಿತು. ಇಬ್ಬರಿಗೂ ಕೇಳಿಸಿತು.

"ನೋಡಬೇಕನ್ನಿಸೇತಿ, ನೋಡ್ತೇನಿ. ಯಾರನ್ನ ಕೇಳಬೇಕು?"

*

ಕೇಳಬೇಕಾದವರು ಮನೆಯಲ್ಲಿದ್ದರು.

ಕೊಯ್ಲು ಮುಗಿದು, ಪ್ಲಾಟಿಗೊಂದು ಗುಡ್ಡೆಯಾಗಿ ಕಾಳು ಕಣದಲ್ಲಿ ತೂಕಕ್ಕೆ ಕಾದಿದ್ದ ದಿನವೇ ಹುಕ್ಕೇರಿಯಿಂದ ಸೋದರತ್ತೆ ಉದ್ದವ್ವ ಬಂದಳು. ಹತ್ತರಗಿಯ ಹುಡುಗ, ನಮ್ಮವರೇ, ಹೈವೇ ಬಾಜೂ ದೊಡ್ಡ ಅಂಗಡಿ ಎಂದು ಸಂಬಂಧ ತಂದಿದ್ದಳು. ನೇತ್ರಾ ಚಹಾ ಕೊಟ್ಟು, ಅಲ್ಲೇ ನಿಂತು, ಆ ಮಾತು ಬೇಡವೆಂದಳು. ಮಾಲಿಂಗನ ಹೆಸರನ್ನೂ ಹೇಳಿದಳು. ಲೋಟ ಎತ್ತಿಕೊಂಡು ಒಳಗೆ ಹೋಗುವವಳಂತೆ ಅಷ್ಟು ಸಲೀಸಾಗಿ ಹೇಳಿದಳು.

ಕೆಂಚಪ್ಪ ಸಿಟ್ಟಿಗೆದ್ದ. "ಕುರಿ ಕಾಯಾವ! ನಮ್ಮದೇನು, ಅವರದೇನು!"

"ಬಸವಣ್ಣನ ಫೋಟೋಕ್ಕ ದಿನಾ ಕೈ ಮುಗೀತಿ ಅಪ್ಪಾ. ಅವರ ಮುಂದ ನಿಂತು ಇದ ಮಾತು ಇನ್ನೊಮ್ಮೆ ಆಡು ನೋಡೂಣು."

ಅಪ್ಪ ಫೋಟೋದ ಕಡೆ ಬೆನ್ನು ಹಾಕಿ ಕೂತ. ಅವ್ವ ಚನ್ನವ್ವ ಒಲೆಯ ಹತ್ತಿರ ಬಡಿಯುತ್ತಿದ್ದ ರೊಟ್ಟಿಯ ಸದ್ದು ನಿಂತಿತು. ಅಂಗಳದಲ್ಲಿ ತೂಕಕ್ಕೆಂದು ಬಂದಿದ್ದ ಮಾಲಿಂಗ ಗಂಗಿಯ ಜೊತೆ ನಿಂತಿದ್ದ. ಓಡಿಹೋಗಲೂ ಇಲ್ಲ, ತಲೆ ತಗ್ಗಿಸಲೂ ಇಲ್ಲ.

"ಕಾಕಾ," ಎಂದ ಅವನು ಅಲ್ಲಿಂದಲೇ, "ಕುರಿ ಕಾಯೋದು ನನಗ ಬ್ಯಾರೆ ಕೆಲಸ ಸಿಗಲಿಲ್ಲಂತ ಅಲ್ರಿ. ನನಗ ಸೇರ್ತೈತಂತ. ಇದಕ್ಕ ನಾಚೂದು ನನಗ ಬರಂಗಿಲ್ಲ."

ಉದ್ದವ್ವನಿಗೆ ಉಪಾಯ ಹೊಳೆಯಿತು. "ಜಗಳ ಯಾಕ? ದೇವರ ಮುಂದ ಚೀಟಿ ಹಾಕೂಣು. ಒಂದರಾಗ ಹೂಂ, ಒಂದರಾಗ ಬ್ಯಾಡ. ನಿಮ್ಮ ಹುಡುಗಿ ಹೊಲದಾಗೂ ಚೀಟಿ ಎತ್ತತಾಳಂತಲ್ಲ!"

ಕೆಂಚಪ್ಪನ ಮುಖ ಬೆಳಗಿತು. "ಹೌದು! ಬಂದಿದ್ದು ಬಂತು ಅಂತ ಊರಿಗೆಲ್ಲಾ ಹೇಳಾಕಿ ನೀ. ಇಲ್ಲೂ ಎತ್ತು. ಹೂಂ ಬಂದ್ರ ನಾ ಒಂದ ಮಾತೂ ಆಡಂಗಿಲ್ಲ. ಬ್ಯಾಡ ಬಂದ್ರ ನೀ ಆಡಬಾರದು."

ಫೋಟೋದ ಮುಂದೆ ಎರಡು ಮಡಚಿದ ಚೀಟಿ ಬಿದ್ದವು. ಮಾಲಿಂಗನ ಕೈ ಕಂಬಳಿಯ ಅಂಚನ್ನು ಹಿಂಡಿತು. ನೇತ್ರಾ ಅವನನ್ನೇ ನೋಡಿದಳು. ಎತ್ತಬೇಡ ಎಂದು ಅವನ ಕಣ್ಣು ಹೇಳಲಿಲ್ಲ, ಎತ್ತು ಎಂದೂ ಹೇಳಲಿಲ್ಲ. ನೀನು ಏನು ಮಾಡಿದರೂ ಇಲ್ಲೇ ಇರುತ್ತೇನೆ ಎಂದಷ್ಟೇ ಇತ್ತು ಅದರಲ್ಲಿ.

ಅವಳು ಎರಡೂ ಚೀಟಿಗಳನ್ನು ಒಟ್ಟಿಗೇ ಎತ್ತಿಕೊಂಡಳು.

"ಅಪ್ಪಾ, ಹೊಲದಾಗ ಚೀಟಿ ಯಾಕ ಎತ್ತಸ್ತೇನಿ ಗೊತ್ತೇನ? ನನ್ನ ಮನಸ್ಸು ನಡುವ ಬರಬಾರದಂತ. ಮನಸ್ಸನ್ನ ಹೊರಗ ಇಡಾಕ ಚೀಟಿ. ಮದುವಿಯಾಗ ಮನಸ್ಸನ್ನ ಹೊರಗ ಇಟ್ರ, ಒಳಗ ಉಳಿಯೂದರ ಏನು?"

ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಅಂಗೈ ಚಾಚಿದಳು. ಗಂಗಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಹೂಂ, ಬ್ಯಾಡ, ಎರಡೂ ಕಚಕಚ ಒಳಗೆ ಹೋದವು.

"ಅಯ್ಯ ಶಿವನ! ದೇವರ ಚೀಟಿ!" ಉದ್ದವ್ವ ಗದ್ದಕ್ಕೆ ಕೈ ಹಚ್ಚಿದಳು.

"ದೇವರಿಗೆ ನನ್ನ ಮನಸ್ಸು ಓದಾಕ ಬರ್ತೈತಿ ಅತ್ತಿ, ಚೀಟಿ ಬೇಕಿಲ್ಲ." ಅಪ್ಪನ ಕಡೆ ತಿರುಗಿದಳು. "ನಾ ಓಡಿ ಹೋಗಂಗಿಲ್ಲ. ಇದ ಮನ್ಯಾಗ, ನಿನ್ನ ಕಣ್ಣ ಮುಂದ ಇರ್ತೇನಿ. ಆದ್ರ ಮದುವಿ ಅಂತ ಆದ್ರ ಇವನನ್ನ ಆಗೋದು. ನಿನಗ ಎಷ್ಟು ದಿನಾ ಬೇಕು ತಗೋ."

ಅಡಿಗೆ ಮನೆಯಲ್ಲಿ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಈಗ ಸ್ವಲ್ಪ ಜೋರಾಗಿಯೇ. ಚನ್ನವ್ವ ಯಾರ ಕಡೆ ಎಂಬುದನ್ನು ಹಾಗೆ ಹೇಳಿಬಿಟ್ಟಳು.

"ನಡಿ," ನೇತ್ರಾ ಮಾಲಿಂಗನಿಗೆ ಅಂದಳು. "ಕಣದಾಗ ತೂಕ ಬಾಕಿ ಐತಿ."

ಅವನು ಹೆಜ್ಜೆ ಕೂಡಿಸಿ ಮೆಲ್ಲಗೆ ಕೇಳಿದ. "ನಮ್ಮ ಪ್ಲಾಟಿಂದ ಕಮ್ಮಿ ಬಂದ್ರ?"

"ಕಮ್ಮಿ ಅಂತ ಬರೀತೇನಿ."

"ಅಷ್ಟ?"

"ಅಷ್ಟ. ಅದು ಜೋಳ. ನೀ ಬ್ಯಾರೆ." ಅವಳು ಕೈ ಚಾಚಿ, ಅವನ ಮೀಸೆಯಲ್ಲಿ ಇಲ್ಲದ ಹೊಟ್ಟನ್ನು ಎಲ್ಲರೆದುರಿಗೇ ಒರೆಸಿದಳು.

ಅವರು ಇನ್ನೂ ಬೇವಿನ ಮರ ದಾಟಿರಲಿಲ್ಲ. ಹಿಂದಿನಿಂದ ಕೆಂಚಪ್ಪನ ದನಿ ಅಂಗಳ ಸೀಳಿಕೊಂಡು ಬಂತು.

"ಏ ಮಾಲಿಂಗ್ಯಾ! ಬರಿಗೈಲೆ ಎಲ್ಲಿ ಹೊಂಟಿ? ಈ ತಕ್ಕಡಿ ಯಾರು ಹೊರಬೇಕು, ನಾನ?"