ಕೂಡದ ಹನಿಗಳು

ಆಂಬುಲೆನ್ಸಿಗೆ ಹೊಡೆದ ಬಣ್ಣ ಕೆಟ್ಟಿತೆಂದು, ಆ ಬಣ್ಣ ಹೊಡೆದ ಹೆಂಗಸನ್ನು ಗ್ಯಾರೇಜಿನ ಮಾಲೀಕ ಸ್ಟೋರ್ ರೂಮಿನಲ್ಲಿ ಕೂಡಿಹಾಕಿ ಬೀಗ ಜಡಿದಿದ್ದ. ಕೀಲಿಕೈ ಜೇಬಿನಲ್ಲಿಟ್ಟುಕೊಂಡೇ ಠಾಣೆಗೆ ಬಂದು, ಸೋಮವಾರ ಬೆಳಗ್ಗೆ ಹನ್ನೊಂದೂಕಾಲಿಗೆ ಅವಳ ಮೇಲೆ ದೂರು ಕೊಟ್ಟ.

"ಒಳ್ಳೇ ಬಣ್ಣ ಮಾರ್ಕೊಂಡು ಕಲಬೆರಕೆ ಹೊಡೆದಿದ್ದಾಳೆ ಸಾರ್. ಓಡಿಹೋಗ್ತಾಳೆ ಅಂತ ಒಳಗೆ ಕೂರಿಸಿದೀನಿ."

"ಬೀಗ ಯಾಕೆ?"

"ಸುಮ್ನೆ ಸಾರ್. ಭದ್ರತೆಗೆ."

"ಯಾರ ಭದ್ರತೆಗೆ?" ಇನ್‌ಸ್ಪೆಕ್ಟರ್ ಕೀಲಿಕೈಗಾಗಿ ಕೈಚಾಚಿದ. ಎಫ್‌ಐಆರ್ ದಾಖಲಾಯಿತು. ಮಾಲೀಕನ ಮೇಲೂ ಒಂದು ಬರೆಯುವುದಿದೆ, ಹಾಳೆ ತೆಗೆದಿಡು ಎಂದು ರೈಟರಿಗೆ ಹೇಳಿಯೇ ಅವನು ಜೀಪು ಹತ್ತಿದ.

ಸ್ಟೋರಿನ ಬಾಗಿಲು ತೆಗೆದಾಗ ಅವಳು ಡಬ್ಬಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಗಿರಾಕಿಗಳೆಲ್ಲ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು. ಎದ್ದವಳು ಅಳಲಿಲ್ಲ. "ನನ್ನ ಸ್ಪ್ರೇ ಗನ್ ತೊಳೆದಿಟ್ರಾ? ಬಣ್ಣ ಒಣಗಿದ್ರೆ ಬಾಯಿ ಕಟ್ಕೊಳ್ಳುತ್ತೆ" ಎಂದಳು. ಅವಳ ಗಂಡ, ಅದೇ ಗ್ಯಾರೇಜಿನ ಹಳೆಯ ಮೇಸ್ತ್ರಿ, ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ.

ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ಸಾಸಿವೆಗಿಂತ ಸಣ್ಣ ಹನಿಗಳಾಗಿ ತಗಡಿಗೆ ಬಡಿಯುತ್ತದೆ. ಬಡಿದ ಕ್ಷಣವೇ ಚಪ್ಪಟೆಯಾಗಿ ಹರಡಿ ಪಕ್ಕದ ಹನಿಯ ಕೈ ಹಿಡಿಯಬೇಕು. ಗಾಡಿಯ ಎರಡು ಪಕ್ಕಗಳಲ್ಲೂ ಹನಿಗಳು ಮುನಿಸಿಕೊಂಡವರಂತೆ ಒಂದನ್ನೊಂದು ಬಿಟ್ಟು ಮುದುಡಿದ್ದವು. ನಡುವೆ ಸಿಡುಬಿನ ಗುಳಿಗಳು. ಗಾಡಿಯ ಮಾಡು, ಮೇಲಿನ ತಗಡು, ಮಾತ್ರ ಹಾಲು ಕೆನೆಕಟ್ಟಿದಷ್ಟು ನುಣುಪು.

"ಒಂದೇ ಡಬ್ಬಿ, ಒಂದೇ ಗನ್ ತಾನೆ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಹೌದು ಸಾರ್" ಎಂದ ಮಾಲೀಕ.

"ಹಾಗಾದ್ರೆ ಕಲಬೆರಕೆ ಬಣ್ಣ ಮಾಡಿನ ಮೇಲೆ ಹೇಗ್ರೀ ಒಳ್ಳೇದಾಯ್ತು?"



ಉಪ್ಪುಕಾಗದದಿಂದ ಉಜ್ಜಿಟ್ಟ, ಇನ್ನೂ ಬಣ್ಣ ಕಾಣದ ಎರಡು ಬಾಗಿಲುಗಳು ಗೋಡೆಗೆ ಒರಗಿದ್ದವು. ಒಂದು ಚಾಲಕನ ಕಡೆಯದು, ಇನ್ನೊಂದು ಹಿಂದಿನದು. ಜೊತೆಗೆ ಬಂದಿದ್ದ ಮಹಿಳಾ ಪೇದೆ ಗಾಜು ಒರೆಸುವ ನೀರಿನ ಬಾಟಲಿ ಎತ್ತಿಕೊಂಡು ಎರಡಕ್ಕೂ ಪುಸ್ ಪುಸ್ ಎನಿಸಿದಳು. ಹಿಂದಿನ ಬಾಗಿಲಿನ ಮೇಲೆ ನೀರು ಹರಡಿ ಒಂದೇ ತೆಳು ಪೊರೆಯಾಯಿತು. ಚಾಲಕನ ಬಾಗಿಲಿನ ಮೇಲೆ ಹನಿಗಳು ಮಣಿಗಳಾಗಿ ದುಂಡಗೆ ನಿಂತು, ಜಾರಿ ಉದುರಿದವು. ಮೊದಲೇ ಯಾರೋ ಒರೆಸಿದ ಕೈ ಆಡಿದ ಕಡೆಯೆಲ್ಲ ಬಿಲ್ಲಿನಂತೆ ಬಾಗಿದ ಸಾಲು.

"ಇದಕ್ಕೆ ಯಾರೋ ಜಿಡ್ಡು ಬಳಿದಿದ್ದಾರೆ ಸಾರ್. ಪಕ್ಕಗಳಲ್ಲಿ ಬಣ್ಣ ಮುದುಡಿದ್ದೂ ಇದಕ್ಕೇ" ಎಂದಳು ಪೇದೆ. ಮೂಸಿ ನೋಡಿದಳು. "ಕಾರಿನೊಳಗೆ ಒರೆಸೋ ಪಾಲಿಶ್. ನಿಂಬೆ ವಾಸನೆ."

ತನಗೆ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದು ಇನ್‌ಸ್ಪೆಕ್ಟರನಿಗೆ ಸಹಿಸಲಾಗಲಿಲ್ಲ. "ಅದನ್ನೇ ನಾನೂ ನೋಡ್ತಿದ್ದೆ" ಎಂದುಬಿಟ್ಟ. ನೋಡುತ್ತಿರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿದ.

"ಹಿಂದಿನ ಬಾಗಿಲು ಉಜ್ಜಿದ್ದು ಯಾರು?"

"ನಾನೇ." ಮೇಸ್ತ್ರಿ ಮೊದಲ ಸಲ ತಲೆಯೆತ್ತಿದ. "ಕೈ ಆಡಿಸಿ ನೋಡಿ ಸಾರ್. ಕನ್ನಡಿ."

"ಮೇಲಿನ ಮಾಡು?"

"ಅದೂ ನಾನೇ."

"ಪಕ್ಕಗಳು, ಚಾಲಕನ ಬಾಗಿಲು?"

"ಅವಳು. ಅದಕ್ಕೇ ನೋಡಿ ಅವಸ್ಥೆ."

"ಉಜ್ಜಿ ಮುಗಿದ ಮೇಲೆ, ಬಣ್ಣ ಹೊಡೆಯೋಕೆ ಮುಂಚೆ, ಶನಿವಾರ ಶೆಡ್ಡಿಗೆ ಕೊನೆಗೆ ಬೀಗ ಹಾಕಿದ್ದು?"

ಮೇಸ್ತ್ರಿ ಹೊರಗೆ ನಿಂತಿದ್ದ ತನ್ನ ಸ್ಕೂಟರಿನ ಕಡೆ ಕಣ್ಣು ಹಾಯಿಸಿದ. ಅದರ ಡಿಕ್ಕಿಯಲ್ಲಿ, ಉಪ್ಪುಕಾಗದದ ಕೆಳಗೆ, ಪಾಲಿಶ್ ಬಾಟಲಿಯೂ ನೆನೆದ ಬಟ್ಟೆಯೂ ಸಿಕ್ಕವು. ಪಂಚರ ಎದುರು ಜಪ್ತಿಯಾಯಿತು. ಮಧ್ಯಾಹ್ನ ಎರಡಕ್ಕೆ ದಸ್ತಗಿರಿ.

ಠಾಣೆಯ ಬೆಂಚಿನ ಮೇಲೆ ಅವನು ತಾನಾಗಿಯೇ ಬಾಯಿಬಿಟ್ಟ.

"ಗನ್ ಹಿಡಿಯೋದು ಕಲಿಸಿದ್ದು ನಾನು ಸಾರ್. ಈಗ ಬಂದೋರೆಲ್ಲ ಅಕ್ಕ ಇದ್ದಾರಾ ಅಂತ ಕೇಳ್ತಾರೆ. ನಾನು ಎದುರಿಗೇ ನಿಂತಿರ್ತೀನಿ."

"ಹಾಳು ಮಾಡೋನು ಎಲ್ಲದಕ್ಕೂ ಬಳಿದಿದ್ರೆ ಗೊತ್ತೇ ಆಗ್ತಿರಲಿಲ್ಲವಲ್ಲಯ್ಯ."

ಮೇಸ್ತ್ರಿ ಅವನನ್ನು ವಿಚಿತ್ರವಾಗಿ ನೋಡಿದ. "ನಾನು ಉಜ್ಜಿದ್ದನ್ನ ನಾನೇ ಹೇಗೆ ಹಾಳು ಮಾಡ್ಲಿ?"

ಇನ್‌ಸ್ಪೆಕ್ಟರ್ ಆ ಮಾತನ್ನು ಹಾಗೆಯೇ ಬರೆಸಿದ. ಹಣವಲ್ಲ, ಹಗೆಯಲ್ಲ; ಹೆಂಡತಿಯ ಕೈ ತನ್ನ ಕೈಯನ್ನು ಮೀರಿತೆಂಬ ಉರಿ. ಬರೆಸುವಷ್ಟು ಹೊತ್ತೂ ಅವನು ಮಹಿಳಾ ಪೇದೆಯ ಮುಖ ನೋಡಲಿಲ್ಲ. ಕೊನೆಗೆ, ನೀರು ಹಾಕಿ ನೋಡಿದವಳು ಅವಳೇ ಎಂದೂ ಸೇರಿಸಲು ಹೇಳಿದ.

ಸಂಜೆ, ಬಣ್ಣದಕ್ಕ ಹೇಳಿಕೆ ಕೊಡಲು ಠಾಣೆಯಲ್ಲಿದ್ದಾಗ, ಮೇಸ್ತ್ರಿಯ ತಾಯಿ ಬಂದಳು. ಹಿಂದೆ ಮಾಲೀಕ.

"ಮರ್ಯಾದೆ ಹೋದ್ರೆ ಅವನು ಉಳಿಯಲ್ಲ ಕಣೇ" ಎಂದು ಮುದುಕಿ ಸೊಸೆಯ ಗಲ್ಲ ಹಿಡಿದಳು. "ಉಜ್ಜೋವಾಗ ನಂದೇ ಕೈತಪ್ಪಾಯ್ತು ಅಂದ್ಬಿಡು. ನಿಂಗೇನು, ಹೆಂಗಸು. ನಾಲ್ಕು ದಿನ ಆಡ್ಕೊಂಡು ಮರೀತಾರೆ."

"ನಾನೂ ದೂರು ವಾಪಸ್ ತಗೋತೀನಿ" ಎಂದ ಮಾಲೀಕ. "ನೀನೂ ಆ ಬೀಗದ ವಿಷಯ ಬಿಟ್ಬಿಡಮ್ಮ. ಸಾಹೇಬ್ರೇ, ನೀವೂ ಒಂದ್ಮಾತು ಹೇಳಿ."

ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದ. ಬಣ್ಣದಕ್ಕ ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇಲ್ಲ ಅತ್ತೆ. ಆ ಪಕ್ಕಗಳನ್ನ ನಾನು ಚೆನ್ನಾಗೇ ಉಜ್ಜಿದ್ದೆ. ಕೆಟ್ಟದಾಗಿ ಉಜ್ಜಿದೆ ಅಂತ ನಾನು ಹೇಳಲ್ಲ."