ಪಿನ್ ಮಾಡಿದ ಮೆಸೇಜು

ಬಾಗಿಲಿಗೆ ಕಲ್ಲು ಬಿತ್ತು. ಧಡ್!

ಹತ್ತು ಸೆಕೆಂಡಿನ ಮೇಲೆ ಅದೇ ಕಲ್ಲು ನನ್ನ ಮೊಬೈಲಿನಲ್ಲೂ ಬಿತ್ತು. ಲೈವ್ ಅಂದರೆ ಹಾಗೇ, ಯಾವಾಗಲೂ ಸ್ವಲ್ಪ ತಡ.

ಹಿರೇಬೆಂಡಿಗೇರಿ. ಬೆಳಗಿನ ಹತ್ತೂವರೆ. ಹೊರಗೆ ಮೂವತ್ತು ಬೈಕು. ಹಿತ್ತಲಲ್ಲೂ ನಾಲ್ಕು ಜನ. ಒಳಗೆ ನಾನು, ಹುಲಗೇಶ. ಹಾನಗಲ್ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಸಮನ್ಸ್ ಹಂಚಿದವನು. ಮೂಲೆಯಲ್ಲಿ ಶೈಲಶ್ರೀ. ಒಂದು ಹಲ್ಲೆ ಕೇಸಿಗೆ ಇರುವ ಒಬ್ಬಳೇ ಸಾಕ್ಷಿ. ನಾಳೆ ಹಾನಗಲ್ಲಿನಲ್ಲಿ ಸಾಕ್ಷಿ ಹೇಳಬೇಕು... ಜೀವಂತ ಉಳಿದರೆ!

"ನನ್ನ ಸಮನ್ಸು ಆ ವಕೀಲರ ಕೈಗೆ ಹ್ಯಾಂಗ ಸಿಕ್ತರಿ ಅಣ್ಣಾರ?"

ನಾನು ಬಾಗಿಲಿನ ಚಿಲಕ ಒತ್ತಿ ನೋಡಿದೆ.

ಈಗ ನಾನು ವಕೀಲ ಮೃತ್ಯುಂಜಯನ 'ನ್ಯಾಯ ಲೈವ್' ಚಾನೆಲ್ಲಿನ ಮಾಡರೇಟರ್, ಅಂದರೆ ಕಮೆಂಟುಗಳ ಕಾವಲುಗಾರ. ಅವನು ಕೇಸುಗಳ ಬಗ್ಗೆ ದಿನಾ ಲೈವ್‌ನಲ್ಲಿ ಕೂಗಾಡುತ್ತಾನೆ. ಅಭಿಮಾನಿಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ. ಅದು ಬೇಜಾರಾದರೆ ಬೇರೆಯವರನ್ನು ಹುಡುಕುತ್ತಾರೆ. ಕೋರ್ಟಿನ ಹಳೇ ಪರಿಚಯದಿಂದ ಈಕೆಯ ಸಮನ್ಸಿನ ಫೋಟೊ ಅವನಿಗೆ ತಂದುಕೊಟ್ಟವನು ನಾನೇ!

"ವಿಳಾಸ ಮುಚ್ಚಿ ತೋರಿಸ್ರಿ ಸರ್" ಅಂದಿದ್ದೆ.

ನಿನ್ನೆ ತೋರಿಸಿದ. 'ಸುಳ್ಳು ಸಾಕ್ಷಿ' ಎಂದು ಕಿರುಚುತ್ತ ತೋರಿಸಿದ. ಚಾನೆಲ್ಲಿನ ಲೋಗೊ ಕೋರ್ಟಿನ ಮೊಹರಿನ ಮೇಲೆ ಕೂತಿತ್ತು. ವಿಳಾಸ ಬಟಾಬಯಲು.

ಅದಕ್ಕೇ ಬೆಳಿಗ್ಗೆ ಗಾಡಿ ಹತ್ತಿ ಓಡಿ ಬಂದೆ. ಬೆನ್ನಿಗೇ ಇವರೂ ಬಂದರು.

"ನಿಮ್ಮ ಸರ್‌ಗೆ ನಿನ್ನೆ ಫೋನ್ ಮಾಡಿದ್ದೆರಿ" ಎಂದಳು ಶೈಲಶ್ರೀ. "ಕೈ ಮುಗೀತೇನಿ, ಆ ವಿಡಿಯೊ ತಗೀರಿ ಅಂದೆ. ಏನಿದ್ರೂ ಕಮೆಂಟ್‌ನ್ಯಾಗ ಬರೀರಿ ಅಂದ್ರು."

"ಬರದೇನು?"

"ಬರದೆ. ಎಂಟುನೂರು ಮಂದಿ ನಕ್ಕಾರ."

ಅಳದೆ ಹೇಳಿದಳು. ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಒಳಗೆಲ್ಲ ಮರಗಟ್ಟಿ ಹೋಗಿತ್ತು.

ಧಡ್! ಚಿಲಕದ ಮೊಳೆ ಹಾರಿತು. ಪೊಲೀಸರಿಗೆ ಹೇಳಿಯಾಗಿತ್ತು, ಹೊರಟಿದ್ದರು. ಆದರೆ ಚಿಲಕ ಅಷ್ಟು ಹೊತ್ತು ತಾಳುವಂತಿರಲಿಲ್ಲ.

ಕಿಟಕಿಯ ಸಂದಿಯಿಂದ ಇಣುಕಿದೆ. ಎಲ್ಲರ ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಮೊಬೈಲು. ಒಬ್ಬ ಇಲ್ಲಿಂದಲೇ ಚಾನೆಲ್ಲಿಗೆ ವಿಡಿಯೊ ಕಳಿಸುತ್ತಿದ್ದ, ಉಳಿದವರ ಕಣ್ಣೆಲ್ಲ ಮೊಬೈಲಿನಲ್ಲಿ ಅದೇ ಲೈವ್ ಮೇಲೆ. ಬಾಗಿಲನ್ನು ನೋಡುವವರೇ ಇಲ್ಲ!

ನನ್ನ ಕೈಯಲ್ಲಿದ್ದ ಆಯುಧ ಒಂದೇ. ಎಲ್ಲ ಕಮೆಂಟುಗಳ ತಲೆಯ ಮೇಲೆ ಒಂದು ಮೆಸೇಜನ್ನು ಪಿನ್ ಮಾಡಬಲ್ಲೆ. ಟೈಪ್ ಮಾಡಿದೆ...

'ಶೈಲಶ್ರೀ ಅಲ್ಲಿಲ್ಲ. ಶಿಗ್ಗಾವಿಯಲ್ಲಿದ್ದಾಳೆ. ಸಂತೆ ಮೈದಾನದ ಹಿಂದೆ ನೀಲಿ ಗೇಟಿನ ಮನೆ, ಮೇಲಿನ ಕೋಣೆ.'

ಹತ್ತು ಸೆಕೆಂಡು.

"ಶಿಗ್ಗಾವ್ಯಾಗ ಅದಾಳಂತಲೇ!"

"ಒಳಗ ಯಾರೋ ಕೆಮ್ಮಿದಂಗಾತಲ್ಲೋ?"

"ಪಿನ್ ಮಾಡ್ಯಾರಲೇ! ನಡೀ!"

ಮೂವತ್ತು ಬೈಕೂ ಹೋದವು. ಹಿತ್ತಲಿನವರೂ ಓಡಿದರು.

"ಆ ನೀಲಿ ಗೇಟ್ ಯಾರದ್ರಿ?"

"ಗಾಡಿ ಹತ್ತ ತಂಗೀ. ಹಾನಗಲ್ಲಿಗೆ ಹೋಗೂಣು."

ಮೃತ್ಯುಂಜಯ ಧಾರವಾಡದಲ್ಲಿದ್ದಾನೆ ಎಂದು ಅಭಿಮಾನಿಗಳ ನಂಬಿಕೆ. ಅವನ ಬೆನ್ನ ಹಿಂದೆ ಕಾಣುವ ಕಾನೂನು ಪುಸ್ತಕಗಳು ಬಟ್ಟೆಯ ಮೇಲಿನ ಚಿತ್ರ. ಆ ಬಟ್ಟೆಯ ಹಿಂದೆ ಶಿಗ್ಗಾವಿಯ ಗೋಡೆ. ಗೇಟಿಗೆ ನೀಲಿ ಬಣ್ಣ ಹೊಡೆಸಿದವನು ನಾನು. ಇನ್ನೊಂದು ಮಾತು. ಅವನು ಕಮೆಂಟು ಓದುವುದಿಲ್ಲ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದ!

ಹಾನಗಲ್ ರಸ್ತೆಯಲ್ಲಿ ಫೋನ್ ಬಂತು. ಗಾಡಿ ನಿಲ್ಲಿಸಿ ಸ್ಪೀಕರ್ ಹಾಕಿದೆ.

"ಹುಲಗೇಶಾ! ನನ್ನ ಬಾಗಲಾ ಒಡ್ಯಾಕತ್ತಾರೋ! ಆಕೀನ್ನ ನಾನ ಬಚ್ಚಿಟ್ಟೇನಂತ! ಎಷ್ಟು ಹೇಳಿದ್ರೂ ನಂಬವಲ್ರು... ಆ ಮೆಸೇಜ್ ತಗಿಯೋ!"

ಹಿಂದೆ ಅದೇ ಸದ್ದು. ಧಡ್!

ಒಂದು ಬೆರಳಿನ ಕೆಲಸ. ತೆಗೆಯಬಹುದಿತ್ತು. ಬೆರಳು ಏಳಲಿಲ್ಲ. ಫೋನನ್ನು ಹಿಂದಕ್ಕೆ ಚಾಚಿದೆ.

ಶೈಲಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಹಳ ಮರ್ಯಾದೆಯಿಂದ ಹೇಳಿದಳು.

"ಏನಿದ್ರೂ ಕಮೆಂಟ್‌ನ್ಯಾಗ ಬರೀರಿ ಸರ್."